ಗಾಡಿಗೆ ಹಾಕಿದ ಒಡವೆ

ನಮ್ಮ ಯಜಮಾನರ ಬೈಕು ಲೀಟರಿಗೆ ಅರವತ್ತು ಕಿಲೋಮೀಟರು ಓಡಲೆಂದು, ಗುಮಾಸ್ತರು ಆಫೀಸಿಗೆ ಹೋಗಿ ಬರಲೆಂದು, ಹಿಂದೆ ಹೆಂಡತಿಯನ್ನೋ ಅಕ್ಕಿ ಚೀಲವನ್ನೋ ಕೂರಿಸಿಕೊಳ್ಳಲೆಂದು ಕಾರ್ಖಾನೆಯವರು ಮಾಡಿ ಕಳಿಸಿದ ಬೈಕು. ಕಾರ್ಖಾನೆಯವರಿಗೆ ಅದರ ಮೇಲೆ ಬೇರೆ ಯಾವ ದುರುದ್ದೇಶವೂ ಇರಲಿಲ್ಲ. ಉದ್ದೇಶಗಳೆಲ್ಲ ನಮ್ಮವರವು.

ಹದಿನಾಲ್ಕು ವರ್ಷದ ಹಿಂದೆ ಅದು ಮನೆಗೆ ಬಂದಾಗ ಕಪ್ಪಗೆ, ತೆಳ್ಳಗೆ, ತನ್ನ ಪಾಡಿಗೆ ತಾನಿರುವ ಗಾಡಿಯಾಗಿತ್ತು. ನನಗೆ ನೋಡಿದ ಕೂಡಲೇ ಇಷ್ಟವಾಯಿತು. ಮೂರನೇ ದಿನ ಯಜಮಾನರು ಸೀಟಿಗೆ ಕವರ್ ಹಾಕಿಸಿದರು. ಸರಿ, ಅದನ್ನು ಎಲ್ಲರೂ ಹಾಕಿಸುತ್ತಾರೆ ಅಂದುಕೊಂಡೆ. ಆಮೇಲೆ ಟ್ಯಾಂಕಿಗೆ ಕವರ್ ಬಂತು, ಆ ಕವರಿನ ಮೇಲೆ ಧೂಳು ಕೂರಬಾರದೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರ್ ಬಂತು. ನಾನು ಆವತ್ತೇ ಗದರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಹೊಸ ಮದುವೆ, ಬಾಯಿ ಇನ್ನೂ ಬಂದಿರಲಿಲ್ಲ.

ಬಾಯಿ ಬರುವಷ್ಟರಲ್ಲಿ ಗಾಡಿಗೆ ಮುಂದೆ ಎರಡು ಹಳದಿ ಫಾಗ್ ಲೈಟು ಬಂದಿದ್ದವು. ನಾವಿರುವ ಕಡೆ ಮಂಜು ಬೀಳುವುದೇ ಇಲ್ಲ. ಆಮೇಲೆ ಮೂರು ಬಗೆಯ ಸದ್ದು ಮಾಡುವ ಹಾರನ್ನು, ಮೊಬೈಲ್ ಸಿಕ್ಕಿಸುವ ಹಿಡಿ, ಅದಕ್ಕೆ ಚಾರ್ಜರು, ಎದೆಗೆ ಗಾಳಿ ತಾಗದಂತೆ ಗಾಜು, ಗಾಜಿನ ಹಿಂದೆ ಕೈಗೆ ಗಾಳಿ ತಾಗದಂತೆ ಗಾರ್ಡು. ಟ್ಯಾಂಕಿನ ಕೆಳಗೆ ಬಣ್ಣ ಬಣ್ಣದ ದೀಪದ ಪಟ್ಟಿ. ಹಿಂದೆ ಒಂದು ಡಬ್ಬ, ಎರಡು ಪಕ್ಕಕ್ಕೆ ಎರಡು ಡಬ್ಬ. ಮೂರರಲ್ಲೂ ಇರುವುದು ಗಾಡಿ ಒರೆಸುವ ಬಟ್ಟೆ ಮತ್ತು ಸ್ಪ್ಯಾನರು. ನೂರು ಸಿಸಿಯ ಪಾಪದ ಎಂಜಿನ್ನು ಇದೆಲ್ಲವನ್ನೂ ಹೊತ್ತುಕೊಂಡು ದಿನಾ ಬೆಳಿಗ್ಗೆ ಏದುಸಿರು ಬಿಡುತ್ತಾ ಆಫೀಸಿಗೆ ಹೊರಡುತ್ತಿತ್ತು.

ಎಲ್ಲಕ್ಕಿಂತ ನನಗೆ ಮೈ ಉರಿಯುತ್ತಿದ್ದುದು ಎರಡನೇ ಸೈಲೆನ್ಸರ್ ನೋಡಿದಾಗ. ಕಾರ್ಖಾನೆ ಕೊಟ್ಟದ್ದು ಬಲಗಡೆ ಇದೆ, ಹೊಗೆ ಬರುವುದು ಅದರಿಂದಲೇ. ಎಡಗಡೆಯದು ಎಂಜಿನ್ನಿಗೆ ಸೇರಿಯೇ ಇಲ್ಲ, ಎರಡು ಕ್ಲಾಂಪಿನಲ್ಲಿ ಸುಮ್ಮನೆ ನೇತಾಡುತ್ತದೆ. ದೊಡ್ಡ ಬೈಕುಗಳಿಗೆ ಎರಡಿರುತ್ತವಂತೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕಿನ ಹಾಗೆ ಕಾಣುವ ತೂತು ತೂತಿನ ತಟ್ಟೆಯೊಂದಿದೆ. ಅದು ಬ್ರೇಕು ಹಿಡಿಯುವುದಿಲ್ಲ, ಹಿಡಿಯುವವರ ಹಾಗೆ ಕಾಣಿಸಿಕೊಳ್ಳುತ್ತದೆ. ಅಂಥವರು ಅವರ ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಕ್ಕೇ ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ನಮ್ಮತ್ತೆ ಹೆಚ್ಚು ಮಾತಾಡುವವರಲ್ಲ. ಹಿಂದಿನ ಡಬ್ಬ ಬಂದ ದಿನ ಬಾಗಿಲಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಮೂಗಿಗಿಂತ ಮೂಗುತಿ ಭಾರ ಅಂತ ಹೇಳಿ ಒಳಗೆ ಹೋದರು. ಮಗ ನಕ್ಕರು. ಅಮ್ಮ ಹೊಗಳಿದ್ದಾರೆ ಅಂದುಕೊಂಡರು ಅಂತ ಕಾಣುತ್ತದೆ.

ನಮ್ಮ ಬೀದಿಯಲ್ಲಿ ಆ ಗಾಡಿಗೆ 'ಮೆರವಣಿಗೆ' ಅಂತ ಹೆಸರು. ಸಂಜೆ ಆರಕ್ಕೆ ತಿರುವಿನಲ್ಲಿ ಮೂರು ಬಗೆಯ ಹಾರನ್ನು ಕೇಳಿಸಿದರೆ, ಮೆರವಣಿಗೆ ಬಂತು, ಬಟ್ಟೆ ಒಳಗೆ ತಗೊಳ್ಳಿ ಅಂತ ಎದುರು ಮನೆಯಾಕೆ ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಮರ್ಯಾದೆ ಇರುವ ಹೆಂಗಸು ಇನ್ನೇನು ಮಾಡಬೇಕು ಹೇಳಿ.

ಅವರನ್ನು ಪೂರ್ತಿ ಬೈಯುವುದಕ್ಕೂ ನನಗೆ ಮನಸ್ಸು ಬರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವರು ಕೆಲಸ ಮಾಡುವುದು ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಅವರ ನಂತರ ಸೇರಿದವರು ಸೂಪರಿಂಟೆಂಡೆಂಟಾಗಿ ಅವರ ಮುಂದೆಯೇ ಓಡಾಡುತ್ತಾರೆ. ಆಫೀಸಿನಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಸಿಗ್ನಲ್ಲಿನಲ್ಲಿ ಮಾತ್ರ ಪಕ್ಕದ ಗಾಡಿಯವನು, ಸಾರ್, ಈ ಲೈಟು ಎಲ್ಲಿ ಹಾಕಿಸಿದ್ರಿ ಅಂತ ಕೇಳುತ್ತಾನೆ. ಆ ಒಂದು ಮಾತು ಅವರಿಗೆ ಒಂದು ವಾರಕ್ಕೆ ಸಾಕು. ಪ್ರಮೋಷನ್ನು ಅವರಿಗೆ ಬರಲಿಲ್ಲ, ಗಾಡಿಗೆ ಬರುತ್ತಾ ಹೋಯಿತು.

ಇದರ ಹಿಂದೆ ಒಬ್ಬ ಮಹಾನುಭಾವನಿದ್ದಾನೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಆಕ್ಸೆಸರೀಸ್ ಅಂಗಡಿ ಇಟ್ಟುಕೊಂಡವನು. ಯಜಮಾನರು ಅವನನ್ನು 'ಡಾಕ್ಟರು' ಅನ್ನುತ್ತಾರೆ. ಡಾಕ್ಟರು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ, ತಲೆ ಓರೆ ಮಾಡುತ್ತಾನೆ, ಎಲ್ಲಾ ಸರಿ ಇದೆ ಸಾರ್, ಆದ್ರೆ ಇದಕ್ಕೆ ಒಂದು ಕಮ್ಮಿ ಇದೆ ಅನ್ನುತ್ತಾನೆ. ಅಷ್ಟೇ ಅವನ ಮಂತ್ರ. ಆ ಒಂದು ಕಮ್ಮಿ ಹದಿನಾಲ್ಕು ವರ್ಷವಾದರೂ ತುಂಬಿಲ್ಲ. ಅವನು ಮೂರಂತಸ್ತಿನ ಮನೆ ಕಟ್ಟಿಸಿದ. ಮೊದಲನೇ ಮಹಡಿಯ ಕಿಟಕಿಗಳು ನಮ್ಮವು ಅಂತ ನಾನು ಲೆಕ್ಕ ಇಟ್ಟಿದ್ದೇನೆ.

ಭಾನುವಾರಗಳಲ್ಲಿ ನನಗೂ ಕೆಲಸ ಇರುತ್ತಿತ್ತು. ಇಷ್ಟು ಸಾಮಾನು ಹೊತ್ತ ಗಾಡಿ ನಡುಗುತ್ತದೆ, ನಡುಗಿದರೆ ಬೋಲ್ಟು ಸಡಿಲವಾಗುತ್ತವೆ. ಯಜಮಾನರು ಅಂಗಳದಲ್ಲಿ ಹಳೇ ಬೆಡ್‌ಶೀಟು ಹಾಸಿ ಅಂಗಾತ ಮಲಗಿ, ಹತ್ತು ಕೊಡು, ಹನ್ನೆರಡು ಕೊಡು ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಪ್ಯಾನರು ಕೊಡುತ್ತಿದ್ದೆ, ಟಾರ್ಚು ಹಿಡಿಯುತ್ತಿದ್ದೆ. ಬೆಳಕು ಒಂದಿಷ್ಟು ಅತ್ತಿತ್ತ ಆದರೆ ಬೈಗುಳ. ಯಾವ ಬೋಲ್ಟು ಯಾವುದರ ಹಿಂದಿದೆ ಅನ್ನುವುದು ನನಗೆ ಬಾಯಿಪಾಠವಾಯಿತು.

ಇನ್ನು ನನ್ನ ಕಥೆ. ನಾನು ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತ ತೆಗೆಯುವ ತರಬೇತಿ ಪಡೆದವಳು. ನನ್ನ ಕೈ ಒಳ್ಳೆಯದು, ಎಂಥ ಸಣ್ಣ ನರವಾದರೂ ಮೊದಲ ಸೂಜಿಗೇ ಸಿಗುತ್ತದೆ. ಆದರೆ ಹನ್ನೊಂದು ವರ್ಷದಿಂದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಟ್ಯೂಬುಗಳಿಗೆ ಲೇಬಲ್ಲು ಅಂಟಿಸುತ್ತಿದ್ದೆ. ನೋಡಿ, ಗಂಡ ಕಾಗದಕ್ಕೆ ನಂಬರು ಹಾಕುವವರು, ಹೆಂಡತಿ ಟ್ಯೂಬಿಗೆ ನಂಬರು ಹಾಕುವವಳು, ಒಳ್ಳೆ ಜೋಡಿ. ಬೆಳಿಗ್ಗೆ ಮನೆ ಮನೆಗೆ ಹೋಗಿ ರಕ್ತ ತರುತ್ತಿದ್ದವನು ಕೆಲಸ ಬಿಡುತ್ತೇನೆಂದಾಗ ನಾನು ಲ್ಯಾಬಿನ ಮೇಡಂ ಹತ್ತಿರ ಹೋಗಿ, ಆ ಕೆಲಸ ನನಗೆ ಕೊಡಿ ಅಂದೆ. ಮೇಡಂ ನನ್ನನ್ನು ಒಂದು ಗಳಿಗೆ ನೋಡಿದರು. ಕೈ ಚೆನ್ನಾಗಿದೆ, ನಿಜ, ಆದರೆ ಬೈಕು ಓಡಿಸುವ ಲೈಸೆನ್ಸು ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಬರುವ ತಿಂಗಳು ಮುಗಿದು ಒಂದನೇ ತಾರೀಖು ಆಗುವ ಒಳಗೆ ತಂದು ತೋರಿಸು, ಕೆಲಸ ನಿನ್ನದು, ಇಲ್ಲದಿದ್ದರೆ ಬೇರೆಯವರನ್ನು ತಗೊಳ್ತೀನಿ ಅಂದರು.

ಆ ಕೋಣೆಯಿಂದ ಹೊರಗೆ ಬರಬೇಕು ಅನ್ನುವ ಆಸೆ ನನಗೆ ಎಷ್ಟಿತ್ತು ಅಂತ ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಬೆಳಗಿನ ಗಾಳಿ, ಬಿಸಿಲು, ಬಾಗಿಲು ತೆಗೆದು ಬನ್ನಿ ಅನ್ನುವ ಜನ. ಆವತ್ತು ಎರಡು ಲೇಬಲ್ಲು ತಲೆಕೆಳಗಾಗಿ ಅಂಟಿಸಿದೆ.

ಯಜಮಾನರಿಗೆ ಹೇಳಿದೆ. ಅವರು ಬೇಡವೆನ್ನಲಿಲ್ಲ, ಅಷ್ಟು ಕೆಟ್ಟವರಲ್ಲ. ಆದರೆ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಗಾಡಿ ಬಿದ್ದರೆ ಫಾಗ್ ಲೈಟಿನ ಗಾಜು ಈಗ ಸಿಗುವುದಿಲ್ಲ ಅಂದರು. ನನ್ನ ಕಾಲು ಸಿಗುತ್ತದಾ ಅಂತ ಕೇಳಿದೆ. ನಾನು ಕಲಿಯುವವರ ಲೈಸೆನ್ಸು ಮಾಡಿಸಿಕೊಂಡೆ. ಲ್ಯಾಬಿನ ಹಿಂದಿನ ಖಾಲಿ ಗೋದಾಮಿನ ಅಂಗಳದಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಮತ್ತು ಭಾನುವಾರಗಳಲ್ಲಿ ಕಲಿಸಿದರು. ಪ್ಲಾಸ್ಟಿಕ್ ಬಕೆಟ್ಟುಗಳನ್ನು ಇಟ್ಟುಕೊಂಡು ಎಂಟು ಹಾಕುವುದು ಕಲಿತೆ. ಎಂಟಿನ ಆಕಾರದಲ್ಲಿ ಗಾಡಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಬಾರದು, ಸುತ್ತ ನಿಲ್ಲಿಸಿದ ಕಂಬಿಗಳಿಗೆ ಗಾಡಿ ತಾಗಬಾರದು, ಪರೀಕ್ಷೆ ಅಂದರೆ ಮುಖ್ಯವಾಗಿ ಅದೇ. ನಾನು ಗಾಡಿ ಓಡಿಸಿದರೆ ಅವರು ಹಿಂದೆ ಹಿಂದೆಯೇ ಓಡಿ ಬರುತ್ತಿದ್ದರು. ಹಿಡಿಯಲು ಚಾಚಿದ ಕೈ ಇರುತ್ತಿದ್ದುದು ನನ್ನ ಕಡೆಗಲ್ಲ, ಹಿಂದಿನ ಡಬ್ಬದ ಕಡೆಗೆ.

ಒಂದು ತಿಂಗಳಲ್ಲಿ ಕಲಿತೆ. ಎಮ್ಮೆಯಂಥ ಆ ಗಾಡಿಯ ಮೈ ಎಲ್ಲಿಂದ ಎಲ್ಲಿಯವರೆಗಿದೆ ಅನ್ನುವುದು ನನ್ನ ಮೊಣಕಾಲುಗಳಿಗೆ ಗೊತ್ತಾಯಿತು. ನಿಜದ ಸೈಲೆನ್ಸರಿಗೂ ಸುಳ್ಳು ಸೈಲೆನ್ಸರಿಗೂ ನಡುವೆ ಎಷ್ಟು, ಆಚೆ ಡಬ್ಬಕ್ಕೂ ಈಚೆ ಡಬ್ಬಕ್ಕೂ ನಡುವೆ ಎಷ್ಟು. ಕಣ್ಣು ಮುಚ್ಚಿ ಬೇಕಾದರೂ ಎಂಟು ಹಾಕುತ್ತಿದ್ದೆ. ಪರೀಕ್ಷೆಗೆ ದಿನ ಗೊತ್ತಾಯಿತು. ಒಂದನೇ ತಾರೀಖಿಗೆ ಎರಡು ದಿನ ಮುಂಚೆ.

ಪರೀಕ್ಷೆಯ ಹಿಂದಿನ ಸಂಜೆ ಯಜಮಾನರು ತಡವಾಗಿ ಬಂದರು. ಮುಖದಲ್ಲಿ ಕಳೆ. ಬಾ ಇಲ್ಲಿ ಅಂತ ನನ್ನನ್ನು ಅಂಗಳಕ್ಕೆ ಕರೆದರು. ಗಾಡಿಯ ಮುಂದೆ ಹೊಸ ಕ್ರ್ಯಾಶ್ ಗಾರ್ಡು. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಕೊಳವೆ, ಎರಡೂ ಪಕ್ಕಕ್ಕೆ ಚಾಚಿಕೊಂಡಿದೆ, ತುದಿಗೆ ಮುಷ್ಟಿ ಗಾತ್ರದ ರಬ್ಬರಿನ ಉಂಡೆ. ಡಾಕ್ಟರೇ ಹೇಳಿದನಂತೆ, ಮೇಡಮ್ಮು ನಾಳೆ ಟೆಸ್ಟಿಗೆ ಹೋಗ್ತಾರೆ ಅಂದ್ರೆ ಇದು ಒಂದು ಕಮ್ಮಿ ಅಂತ.

"ನೀನು ಬಿದ್ದರೆ ಕಾಲಿಗೆ ಪೆಟ್ಟಾಗಬಾರದು ಅಂತ ಹಾಕಿಸಿದೆ ಕಣೆ" ಅಂದರು.

ಏನು ಹೇಳಲಿ? ಹದಿನಾಲ್ಕು ವರ್ಷದಲ್ಲಿ ಆ ಗಾಡಿಗೆ ನನಗೋಸ್ಕರ ಹಾಕಿಸಿದ ಮೊದಲನೇ ಸಾಮಾನು ಅದು. ಗಾಡಿ ಇನ್ನೊಂದು ಗೇಣು ಅಗಲವಾಯಿತು ಅಂತ ಕಂಡಿತು, ಆದರೂ ಚೆನ್ನಾಗಿದೆ ಅಂದೆ. ಅಲ್ಲೇ ಬಿಚ್ಚಿಸಬೇಕಿತ್ತು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಬಾರದು ಅನ್ನುವ ದರಿದ್ರ ಬುದ್ಧಿ ನನ್ನದು.

ಪರೀಕ್ಷೆಯ ಮೈದಾನದಲ್ಲಿ ನಲವತ್ತು ಜನರಿದ್ದರು. ಮರದ ಕೆಳಗೆ ಮೇಜು ಹಾಕಿಕೊಂಡು ಇನ್‌ಸ್ಪೆಕ್ಟರ್ ಸಾಹೇಬರು ಕೂತಿದ್ದರು. ಬಿಸಿಲಿಗೆ ಕಂದಿದ ಮುಖ, ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚಾಡದ ಮನುಷ್ಯ. ನಮ್ಮ ಗಾಡಿ ಗೇಟಿನೊಳಗೆ ಬಂದ ಕೂಡಲೇ ಸಾಲಿನಲ್ಲಿದ್ದವರ ತಲೆಗಳೆಲ್ಲ ತಿರುಗಿದವು. ಯಜಮಾನರು ಎದೆಯುಬ್ಬಿಸಿ ಗಾಡಿ ನಿಲ್ಲಿಸಿದರು. ಪಾಪ, ಅದು ಅವರ ದಿನವಾಗಿತ್ತು, ಸುಮಾರು ಒಂದು ಗಂಟೆಯ ಮಟ್ಟಿಗೆ.

ನನ್ನ ಸರದಿ ಬಂತು. ಮೊದಲನೇ ಕಂಬಿ ಸರಿಯಾಗಿ ದಾಟಿದೆ, ಎರಡನೆಯದೂ ಸರಿ. ಮೂರನೆಯದಕ್ಕೆ ತಿರುಗುವಾಗ ಮೊಣಕಾಲು ಜಾಗ ಇದೆ ಅಂದಿತು. ಮೊಣಕಾಲಿಗೆ ಗೊತ್ತಿದ್ದುದು ನಿನ್ನೆ ಮಧ್ಯಾಹ್ನದವರೆಗಿನ ಗಾಡಿ. ತಣ್ ಎಂದು ಸದ್ದಾಯಿತು. ರಬ್ಬರ್ ಉಂಡೆ ಕಂಬಿಯನ್ನು ಕೆಡವಿತ್ತು. ಗಾಬರಿಯಲ್ಲಿ ಐದನೆಯದನ್ನೂ ಕೆಡವಿದೆ.

"ಆಯ್ತು. ಮುಂದಿನವರು" ಅಂದರು ಸಾಹೇಬರು.

ನಾನು ಗಾಡಿಯಿಂದ ಇಳಿದು ನೇರ ಮೇಜಿನ ಹತ್ತಿರ ಹೋದೆ. ಮುಂದಿನ ದಿನಾಂಕ ಯಾವಾಗ ಅಂತ ಕೇಳಿದೆ. ಒಂದು ತಿಂಗಳಾದ ಮೇಲೆ ಅಂದರು. ನಾಡಿದ್ದು ಕೆಲಸ ಕೈತಪ್ಪುತ್ತದೆ ಅನ್ನುವುದನ್ನು ಹೇಳಿದೆ. ನಿನ್ನೆ ಸಂಜೆಯವರೆಗೆ ಗಾಡಿ ಇಷ್ಟು ಅಗಲ ಇರಲಿಲ್ಲ ಅನ್ನುವುದನ್ನೂ ಹೇಳಿದೆ. ಸಾಹೇಬರು ಎದ್ದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಡಾಕ್ಟರು ಹಾಕುವ ಸುತ್ತಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತೀರಿ. ಎಡಗಡೆಯ ಸೈಲೆನ್ಸರಿನ ಬಾಯಿಗೆ ಕೈ ಹಿಡಿದು ನೋಡಿದರು. ಬಲಗಡೆಯದಕ್ಕೂ ಹಿಡಿದರು. ಮತ್ತೆ ಎಡಗಡೆಗೆ ಬಂದರು.

"ಅಮ್ಮಾ, ನಿಮ್ಮ ಕೈ ಸರಿಯಾಗಿದೆ. ಗಾಡಿ ಸರಿ ಇಲ್ಲ" ಅಂದರು. "ಅದರ ಆರ್‌ಸಿ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಾಡಿಕೊಂಡು ಬನ್ನಿ. ನಾನು ಊಟಕ್ಕೆ ಏಳೋ ಮುಂಚೆ ಬಂದರೆ ಇನ್ನೊಂದು ಸಲ ನೋಡ್ತೀನಿ."

ಬೇರೆಯವರ ಗಾಡಿ ತರಬಹುದೇ ಅಂತ ಕೇಳಿದೆ. ಅರ್ಜಿಯಲ್ಲಿ ಈ ಗಾಡಿಯ ನಂಬರು ಬರೆದಾಗಿದೆ, ಆಗುವುದಿಲ್ಲ ಅಂದರು. ಗಂಟೆ ಹನ್ನೊಂದೂವರೆ. ಅವರು ಊಟಕ್ಕೆ ಏಳುವುದು ಒಂದಕ್ಕೆ.

ಯಜಮಾನರು ಬೇಲಿಯ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಹೊಸ ಗಾರ್ಡು ಒಂದನ್ನು ಬಿಚ್ಚಿದರೆ ಸಾಕು, ಸಾಹೇಬರು ಸುಮ್ಮನೆ ಹೇಳುತ್ತಾರೆ ಅಂದರು. ಸರಿ, ಅದನ್ನೇ ಬಿಚ್ಚಿ ಅಂದೆ. ಬಗ್ಗಿ ನೋಡಿದರು. ಗಾರ್ಡಿನ ಬೋಲ್ಟಿನ ಮೇಲೆ ಡಾಕ್ಟರು ಫಾಗ್ ಲೈಟನ್ನು ಕೂರಿಸಿದ್ದ. ಲೈಟಿನ ವೈರು ಹಾರನ್ನಿಗೆ, ಹಾರನ್ನಿನ ಪಟ್ಟಿ ಗಾಜಿನ ಬೋಲ್ಟಿಗೆ, ಗಾಜಿನ ಕಂಬಿ ಕೈಗಾರ್ಡಿಗೆ. ಒಂದನ್ನು ಹಿಡಿದು ಇನ್ನೊಂದು ನಿಂತಿತ್ತು, ಯಾವುದೂ ಗಾಡಿಯನ್ನು ಹಿಡಿದು ನಿಂತಿರಲಿಲ್ಲ. ಒಂದು ಬಿಚ್ಚಬೇಕಾದರೆ ಎಲ್ಲ ಬಿಚ್ಚಬೇಕು. ಅವರು ಎದ್ದು ನಿಂತು ಕೈ ಒರೆಸಿಕೊಂಡರು.

"ಹೋಗಲಿ ಬಿಡು. ಮುಂದಿನ ತಿಂಗಳು ಬಂದರಾಯ್ತು. ಕೆಲಸ ಎಲ್ಲಿ ಓಡಿಹೋಗುತ್ತೆ?" ಅಂದರು.

ಹದಿನಾಲ್ಕು ವರ್ಷದಲ್ಲಿ ನನಗೆ ಅಂಥ ಸಿಟ್ಟು ಬಂದಿರಲಿಲ್ಲ. ಸುತ್ತ ಜನ ಇದ್ದಾರೆ ಅನ್ನುವುದೂ ಮರೆತುಹೋಯಿತು.

"ಕೆಲಸ ಓಡಿಹೋಗುತ್ತೆ ರೀ. ನಾಡಿದ್ದೇ ಓಡಿಹೋಗುತ್ತೆ. ಓಡದೆ ಇರೋದು ನಿಮ್ಮ ಈ ಗುಜರಿ" ಅಂದೆ. "ನೀವು ನಿಮ್ಮ ಮೇಜಲ್ಲೇ ಕೂತಿರಿ, ನಾನು ಬೇಡ ಅನ್ನಲ್ಲ. ನಾನು ಕೂರಲ್ಲ. ಸ್ಪ್ಯಾನರ್ ಎಲ್ಲಿದೆ ಕೊಡಿ."

ಅವರು ಅಲ್ಲಾಡಲಿಲ್ಲ. ನಾನೇ ಪಕ್ಕದ ಡಬ್ಬ ತೆಗೆದು ಸ್ಪ್ಯಾನರಿನ ಸುರುಳಿ ಹೊರಗೆ ಹಾಕಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೆ. ಮೊದಲು ಗಾಜು. ಎರಡು ಬೋಲ್ಟು, ಒಂದಕ್ಕೆ ತುಕ್ಕು. ನನ್ನ ಕೈ ಎಟುಕದ ಕಡೆ ಹತ್ತರ ಸ್ಪ್ಯಾನರು ಬಿದ್ದಿತ್ತು.

"ಹತ್ತು ಕೊಡಿ" ಅಂದೆ, ತಲೆ ಎತ್ತದೆ.

ಹಿಂದೆ ಚಪ್ಪಲಿಯ ಸದ್ದಾಯಿತು. ಆಮೇಲೆ ಕೈಗೆ ತಣ್ಣಗೆ ಹತ್ತು ಬಂತು. ಆಮೇಲೆ ಹನ್ನೆರಡು ಕೇಳಿದೆ, ಹನ್ನೆರಡು ಬಂತು. ಹದಿನಾಲ್ಕು ಕೇಳಿದೆ, ಹದಿನಾಲ್ಕು ಬಂತು. ಯಜಮಾನರು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಂದೊಂದು ಬಿಚ್ಚಿದಾಗಲೂ ಅದನ್ನು ತಮ್ಮ ಕರ್ಚೀಫಿನಿಂದ ಒರೆಸಿ ಪಕ್ಕಕ್ಕೆ ಇಡುತ್ತಿದ್ದರು. ಇದು ಆ ವರ್ಷದ್ದು, ಇದು ಇಂಪೋರ್ಟೆಡ್ಡು, ಇದಕ್ಕೆ ನಿಧಾನ, ಅಂತ ಗೊಣಗುತ್ತಿದ್ದರು. ಇಂಪೋರ್ಟೆಡ್ಡು ಕೈಯಲ್ಲೇ ಎರಡು ತುಂಡಾಯಿತು.

ಸರದಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಪುಕ್ಕಟೆ ತಮಾಷೆ ಯಾರಿಗೆ ಬೇಡ. ಡಿಸ್ಕ್ ಬ್ರೇಕಿನ ತಟ್ಟೆ ಬಿಚ್ಚಿದಾಗ, ಅಯ್ಯೋ ಬ್ರೇಕನ್ನೇ ಬಿಚ್ಚಿಬಿಟ್ರಲ್ಲ ಅಂತ ಒಬ್ಬ ಗಾಬರಿಯಾದ. ಅದು ಬ್ರೇಕಲ್ಲ, ಬ್ರೇಕಿನ ಫೋಟೋ ಅಂದೆ. ಎಡಗಡೆಯ ಸೈಲೆನ್ಸರ್ ಬಿಚ್ಚಿ ನೆಲಕ್ಕೆ ಬಗ್ಗಿಸಿದಾಗ ಒಳಗಿಂದ ಒಣಗಿದ ಎಲೆ, ಒಂದಿಷ್ಟು ಮಣ್ಣು, ಕೊನೆಗೆ ಒಂದು ದೊಡ್ಡ ಜೇಡ ಹೊರಗೆ ಬಿತ್ತು. ಬಿಸಿ ಇಲ್ಲ, ಹೊಗೆ ಇಲ್ಲ, ವರ್ಷಗಟ್ಟಲೆ ಅಲ್ಲಿ ಹಾಯಾಗಿ ಸಂಸಾರ ಮಾಡಿಕೊಂಡಿತ್ತು. ಮೈದಾನವೆಲ್ಲ ನಕ್ಕಿತು. ಮರದ ಕೆಳಗೆ ಸಾಹೇಬರೂ ಮುಖ ಆಚೆ ತಿರುಗಿಸಿಕೊಂಡರು.

ನಾನೂ ನಕ್ಕೆ. ಆಮೇಲೆ ಪಕ್ಕಕ್ಕೆ ನೋಡಿದೆ. ಯಜಮಾನರು ತಲೆ ತಗ್ಗಿಸಿಕೊಂಡು ಮುಂದಿನ ಸ್ಪ್ಯಾನರನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು, ಕೇಳುವ ಮೊದಲೇ. ಕಿವಿಯ ತುದಿ ಕೆಂಪಾಗಿತ್ತು. ನನ್ನ ಗಂಡನನ್ನು ನೋಡಿ ಊರೆಲ್ಲ ನಗುತ್ತಿದೆ, ನಾನೇ ನಗಿಸಿದೆ ಅನಿಸಿ ನಗು ನಿಲ್ಲಿಸಿದೆ. ಆದರೆ ಕೈ ನಿಲ್ಲಿಸಲಿಲ್ಲ. ಗಂಟೆ ಹನ್ನೆರಡೂ ಮುಕ್ಕಾಲಾಗಿತ್ತು.

ಕೊನೆಗೆ ಉಳಿದದ್ದು ಕತ್ತರಿಸಿದ ವೈರುಗಳ ಗೊಂಚಲು. ಅದನ್ನು ಹಾಗೇ ಬಿಟ್ಟರೆ ಒಂದಕ್ಕೊಂದು ತಾಗಿ ಫ್ಯೂಸು ಹೋಗುತ್ತದೆ. ನನ್ನ ಬ್ಯಾಗಿನಲ್ಲಿ ಸೂಜಿ ತೆಗೆದ ಮೇಲೆ ಹತ್ತಿಯ ಮೇಲೆ ಅಂಟಿಸುವ ಬಿಳಿ ಟೇಪಿತ್ತು. ಒಂದೊಂದು ವೈರಿನ ತುದಿಗೂ ಅದನ್ನೇ ಸುತ್ತಿದೆ. ಹನ್ನೊಂದು ವರ್ಷ ಲೇಬಲ್ಲು ಅಂಟಿಸಿದ ಕೈ, ಎರಡು ನಿಮಿಷದಲ್ಲಿ ಮುಗಿಯಿತು. ಎದ್ದು ಒಂದು ಕಿಕ್ ಹೊಡೆದೆ. ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟಾಯಿತು.

ಹತ್ತಿ ಕೂತಾಗಲೇ ಹೊಸ ಭಯ ಶುರುವಾಯಿತು. ನಾನು ಕಲಿತದ್ದು ಎಮ್ಮೆಯ ಮೇಲೆ, ಈಗ ಕೂತಿರುವುದು ಕರುವಿನ ಮೇಲೆ. ಆಕ್ಸಿಲರೇಟರ್ ಮುಟ್ಟಿದ್ದೇ ತಡ, ಗಾಡಿ ಮುಂದಕ್ಕೆ ಹಾರಿತು. ಮೊದಲನೇ ತಿರುವಿನಲ್ಲಿ ಅಗಲಕ್ಕೆ ಹೋದೆ, ಎಡಗಾಲು ನೆಲಕ್ಕೆ ಊರಲೆಂದು ತಾನಾಗಿಯೇ ಇಳಿಯಿತು. ನೆಲಕ್ಕೆ ಒಂದು ಅಂಗುಲ ಇರುವಾಗ ಅದನ್ನು ವಾಪಸ್ಸು ಎಳೆದುಕೊಂಡೆ. ಕ್ಲಚ್ಚು ಅರ್ಧ ಹಿಡಿದೆ. ಮೂರನೇ ಕಂಬಿಯ ಹತ್ತಿರ ಹ್ಯಾಂಡಲ್ಲು ಕೊನೆಯವರೆಗೂ ತಿರುಗಿತು. ಅದು ಅಷ್ಟು ತಿರುಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಇಷ್ಟು ದಿನ ಗಾಜು ಅಡ್ಡ ಇತ್ತಲ್ಲ. ನಾಲ್ಕು, ಐದು, ಆರು. ಒಂದು ಕಂಬಿಯೂ ಅಲುಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

ಸಾಹೇಬರು ಚೀಟಿಗೆ ಸಹಿ ಹಾಕಿ ಕೊಟ್ಟರು. ನಾನು ಎರಡು ಕೈಯಲ್ಲಿ ತೆಗೆದುಕೊಂಡೆ. ಅಷ್ಟರಲ್ಲಿ ಯಜಮಾನರು ಗೇಟಿನ ಹತ್ತಿರದ ಟೀ ಅಂಗಡಿಯಿಂದ ಒಂದು ಗೋಣಿಚೀಲ ತಂದು ಸಾಮಾನುಗಳನ್ನೆಲ್ಲ ತುಂಬಿ, ಅಭ್ಯಾಸದಂತೆ ಬೀಗದ ಕೈಗೆಂದು ನನ್ನ ಮುಂದೆ ಅಂಗೈ ಚಾಚಿದರು. ಸಾಹೇಬರು ಪೆನ್ನಿನ ಮುಚ್ಚಳ ಹಾಕುತ್ತಾ ಅದನ್ನು ನೋಡಿದರು.

"ಈ ಕಟ್ಟಡ ಎಲ್ಲ ಕಟ್ಟಿದವರು ನೀವಾ? ಎಲ್ಲಿ, ನಿಮ್ಮ ಲೈಸೆನ್ಸು ಒಂದು ಸಲ ತೋರಿಸಿ" ಅಂದರು.

ಯಜಮಾನರು ಹೆಮ್ಮೆಯಿಂದಲೇ ಪರ್ಸು ತೆಗೆದರು. ಸಾಹೇಬರು ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿ ಮೇಜಿನ ಮೇಲಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಅವಧಿ ಮುಗಿದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಗಾಡಿಯ ಒಂದೊಂದು ನಟ್ಟೂ ಪ್ರತಿ ಭಾನುವಾರ ಮುಟ್ಟಿ ನೋಡುತ್ತಿದ್ದ ಮನುಷ್ಯ ತನ್ನ ಪರ್ಸಿನೊಳಗಿನ ಕಾರ್ಡನ್ನು ತಿರುಗಿಸಿಯೂ ನೋಡಿರಲಿಲ್ಲ. ಮಾಡಿಸಬೇಕು ಅಂತಲೇ ಇತ್ತು ಸಾರ್, ಅಂತ ಏನೋ ಹೇಳಹೊರಟರು. ದಂಡ ಹಾಕುವುದಿಲ್ಲ, ಆದರೆ ಈ ಗೇಟಿನಿಂದ ನೀವು ಗಾಡಿ ಓಡಿಸಿಕೊಂಡು ಹೋಗುವ ಹಾಗಿಲ್ಲ, ಲೈಸೆನ್ಸು ಇರುವವರು ಓಡಿಸಲಿ, ಅಂತ ಹೇಳಿ ಸಾಹೇಬರು ಊಟಕ್ಕೆ ಎದ್ದರು.

ಹಾಗಾಗಿ ಯಜಮಾನರು ಹಿಂದೆ ಕೂತರು. ತೊಡೆಯ ಮೇಲೆ ಗೋಣಿಚೀಲ. ನಾನು ಮನೆಗೆ ತಿರುಗಿಸಲಿಲ್ಲ, ಲ್ಯಾಬಿಗೆ ತಿರುಗಿಸಿದೆ. ಮೇಡಂ ಎರಡು ಗಂಟೆಗೆ ಹೊರಡುತ್ತಾರೆ, ಅವರ ಕೈಗೆ ಚೀಟಿ ಕೊಡುವವರೆಗೆ ನನಗೆ ನಂಬಿಕೆ ಇಲ್ಲ. ದಾರಿಯುದ್ದಕ್ಕೂ ಅವರು ಬ್ರೇಕು, ಇಂಡಿಕೇಟರು, ನಿಧಾನ ಅನ್ನುವ ಬದಲು ಬಗ್ಗಿ ಬಗ್ಗಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು.

ಮೇಡಂ ಚೀಟಿ ಓದಿದರು, ನನ್ನ ಕೈಯ ಗ್ರೀಸು ನೋಡಿದರು, ನಾಳೆ ಬೆಳಿಗ್ಗೆ ಆರಕ್ಕೆ ಬಂದು ರಕ್ತದ ಟ್ಯೂಬಿನ ಪೆಟ್ಟಿಗೆ ತಗೋ, ಮೊದಲು ಕೈ ತೊಳಕೋ ಅಂದರು. ಅಷ್ಟೇ. ನಾನು ಹಿಂದಿನ ಕೋಣೆಗೆ ಹೋಗಿ ನನ್ನ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕೋಟು ತೆಗೆದುಕೊಂಡೆ. ಅಲ್ಲಿ ಒಂದು ನಿಮಿಷ ನಿಂತು ಗೋಡೆಗೆ ಮುಖ ಮಾಡಿ ಅತ್ತೆ. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ನಾಚಿಕೆ ಏನು.

ಹೊರಗೆ ಬರುವಾಗ ಗಾಜಿನ ಬಾಗಿಲಿನಿಂದ ನೋಡಿದೆ. ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದರು. ಶರ್ಟಿನ ಮೇಲೆ ಎಣ್ಣೆಯ ಕಲೆ, ಪಕ್ಕದಲ್ಲಿ ಗೋಣಿಚೀಲ, ಚೀಲದ ಬಾಯಿಂದ ಸೈಲೆನ್ಸರಿನ ಮೂತಿ ಹೊರಗೆ. ಮೇಲಿನ ಮಹಡಿಯ ಬಾಲ್ಕನಿಯಿಂದ ಒಬ್ಬ ಅಜ್ಜಿ ಬಗ್ಗಿ, ಏನಪ್ಪಾ, ಹಳೇ ಪೇಪರ್ ತಗೋತೀಯಾ ಅಂತ ಕೇಳಿದರು. ಯಜಮಾನರು ತಲೆಯೆತ್ತಿ ನೋಡಿದರು. ಇಲ್ಲಮ್ಮ ಅಂದರು. ಹಾಗಾದ್ರೆ ಬರೀ ಕಬ್ಬಿಣಾನಾ, ಒಂದು ನಿಮಿಷ ಇರು, ಒಂದು ಹಳೇ ಸ್ಟವ್ ಇದೆ ಅಂತ ಅಜ್ಜಿ ಒಳಗೆ ಹೋದರು.

ಬೇರೆ ದಿನವಾಗಿದ್ದರೆ ಅವರು ಆ ಅಜ್ಜಿಗೆ ತಾನು ಯಾವ ಇಲಾಖೆಯವನು ಅನ್ನುವುದರಿಂದ ಶುರುಮಾಡುತ್ತಿದ್ದರು. ಆವತ್ತು ಹಾಗೇ ಕೂತಿದ್ದರು, ಸ್ಟವ್ ಬರಲಿ ಅಂತ ಕಾಯುವವರ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಅದರ ಜೊತೆಗೇ ಅಯ್ಯೋ ಅನಿಸಿತು. ಬಾಗಿ ಅವರ ಭುಜ ಮುಟ್ಟಿ, ಏಳಿ, ಹೋಗೋಣ ಅಂದೆ.

ಅವರು ಏಳಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿದ್ದ ಗಾಡಿಯನ್ನೇ ನೋಡುತ್ತಿದ್ದರು. ಕಪ್ಪಗೆ, ತೆಳ್ಳಗೆ, ಅಲ್ಲಲ್ಲಿ ಬಿಳಿ ಟೇಪು ಸುತ್ತಿಕೊಂಡು ನಿಂತಿತ್ತು.

"ಬರೋವಾಗ ಇಬ್ಬರು ಕೂತಿದ್ವಿ, ಮೇಲಿಂದ ಈ ಚೀಲ ಬೇರೆ. ಆದರೂ ಎಷ್ಟು ಹಗುರವಾಗಿ ಬಂತಲ್ಲ" ಅಂದರು. ಸ್ವಲ್ಪ ತಡೆದು ಕೇಳಿದರು, "ಇದು ಮೊದಲಿಂದ ಹೀಗೇ ಓಡ್ತಿತ್ತಾ?"

"ಮೊದಲಿಂದ ಹೀಗೇ ಓಡ್ತಿತ್ತು ರೀ" ಅಂದೆ. "ಸೀಟಿಗೆ ಕವರ್ ಬರೋವರೆಗೆ ನೀವು ಅದಕ್ಕೆ ಮೂರು ದಿನ ಮಾತ್ರ ಅವಕಾಶ ಕೊಟ್ರಿ. ನನಗೆ ಅಷ್ಟೂ ಕೊಡಲಿಲ್ಲ."

ಅವರು ನನ್ನ ಮುಖ ನೋಡಿದರು. ಮೇಲಿನಿಂದ ಅಜ್ಜಿ ಸ್ಟವ್ ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಯಜಮಾನರು ಎದ್ದು, ಗೋಣಿಚೀಲವನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು, ಬರಿಗೈಯಲ್ಲಿ ಬಂದು ನನ್ನ ಹಿಂದೆ ಕೂತರು.